ಬಿಯರ್ ಕಡ್ಡಿ ಆಲೆಮನೆಗೆ ಬಂದದ್ದು: ಒಂದು ಪ್ರಕರಣ

ಎರಡು ವರ್ಷದ ಹಿಂದೆ, ಜುಲೈ ತಿಂಗಳಲ್ಲಿ, ದೊಡ್ಡಮ್ಮ ಊರಿನಿಂದ ಕಾರವಾರದಲ್ಲಿರುವ ನನಗೆ ಫೋನ್ ಮಾಡಿದರು. ಅಟ್ಟದ ಮೇಲಿಟ್ಟ ಜೋನಿ ಬೆಲ್ಲದ (ಅಚ್ಚು ಕಟ್ಟದ, ಸುರಿಯುವ ಹದದ ಬೆಲ್ಲ) ಡಬ್ಬಿಯ ಮುಚ್ಚಳ ಮಧ್ಯರಾತ್ರಿ "ಢಬ್" ಎಂದು ಹಾರಿತ್ತಂತೆ. ಬೆಕ್ಕು ಇರಬೇಕು ಎಂದು ದೊಡ್ಡಪ್ಪ ಮಗ್ಗುಲು ಬದಲಿಸಿ ಮಲಗಿದರಂತೆ. ಬೆಳಗ್ಗೆ ನೋಡಿದರೆ ಅಟ್ಟದ ಹಲಗೆಯ ಸಂದಿಯಿಂದ ನೊರೆ ತೊಟ್ಟಿಕ್ಕುತ್ತಿತ್ತು. ಒಂದಲ್ಲ, ಒಂಬತ್ತು ಡಬ್ಬಿ ಹಾಳಾಗಿದ್ದವು. ಕುಮಟೆಯ ಖಾಯಂ ಗಿರಾಕಿಯೊಬ್ಬರು ಎರಡು ಡಬ್ಬಿ ವಾಪಸ್ಸು ಕಳಿಸಿದ್ದು ಆ ಲೆಕ್ಕಕ್ಕೆ ಸೇರಿಲ್ಲ.

ನಮ್ಮ ಮನೆ ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಅಡಿಕೆ ತೋಟದ ಮೇಲೆ. ಮೂರು ಮನೆಯವರು ಸೇರಿ ಪ್ರತಿ ಜನವರಿ ಕೊನೆಗೆ ಆಲೆಮನೆ ಹೂಡುತ್ತೇವೆ. ಕೋಣನ ಗಾಣ ಹೋಗಿ ಡೀಸೆಲ್ ಗಾಣ ಬಂದಿದೆ. ಕೊಪ್ಪರಿಗೆ ಮಾತ್ರ ಅಜ್ಜನ ಕಾಲದ್ದು. ಹದ ನೋಡುವುದು ದೊಡ್ಡಪ್ಪ. ನಲವತ್ತು ವರ್ಷಕ್ಕೂ ಜಾಸ್ತಿ ಅವರೇ ನೋಡಿದ್ದಾರೆ. ಅವರು "ಆಜು" ಎಂದರೆ ಮುಗಿಯಿತು, ನಾಲ್ಕು ಜನ ಕೊಪ್ಪರಿಗೆಗೆ ಕೈ ಹಾಕಿ ಇಳಿಸಬೇಕು. ಹವ್ಯಕ ಮಾತು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆಜು ಅಂದರೆ ಆಗಿದೆ.

ಅಂಥವರ ಕೈಯಲ್ಲಿ ಒಂಬತ್ತು ಡಬ್ಬಿ ಹುಳಿ ಬಂತು ಎಂದರೆ ಎಲ್ಲಿ ತಪ್ಪಿತು? ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಕಬ್ಬು ಎಳೆಯದು, ಸುಣ್ಣ ಕಡಿಮೆ ಬಿತ್ತು, ಡಬ್ಬಿ ತೊಳೆದದ್ದು ಸರಿ ಇಲ್ಲ. ಈ ಸಲ ಮಳೆಯೇ ಜಾಸ್ತಿ ಎಂಬುದು ಕೊನೆಯದು. ಮಳೆಯ ಮೇಲೆ ಹಾಕಿದರೆ ಯಾರಿಗೂ ಬೇಸರ ಇಲ್ಲ, ಅಲ್ವಾ?

ಆ ಡಿಸೆಂಬರಿನಲ್ಲಿ ಭಾವ ಅಮೆರಿಕದಿಂದ ಬಂದಿದ್ದ. ಅವನಿಗೆ ಅಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸ. 1978ರಲ್ಲಿ ಬಂದ ಕಾನೂನಿನಿಂದ ಅಲ್ಲಿ ಸ್ವಂತ ಬಳಕೆಗೆ ಇಂತಿಷ್ಟು ಎಂದು ಮಾಡಿಕೊಳ್ಳಬಹುದು. ನಮ್ಮಲ್ಲಿ ಆ ಆಟ ನಡೆಯುವುದಿಲ್ಲ. 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮಾಡಿದರೆ ಕೇಸು. ಅವನ ಬ್ಯಾಗಿನಲ್ಲಿ ಎರಡು ಡಿಜಿಟಲ್ ಥರ್ಮಾಮೀಟರ್ ಇದ್ದವು. ಒಂದು ಪೆನ್ನಿನ ಹಾಗೆ, ತಲೆಯಲ್ಲಿ ಅಂಕಿ ತೋರಿಸುವ ಪುಟ್ಟ ಕಿಟಕಿ, ಕೆಳಗೆ ಸ್ಟೀಲ್ ಕಡ್ಡಿ. ಇನ್ನೊಂದರಲ್ಲಿ ಕಡ್ಡಿ ಬೇರೆ, ಅಂಕಿಯ ಪೆಟ್ಟಿಗೆ ಬೇರೆ, ನಡುವೆ ಒಂದು ಮೀಟರಿನಷ್ಟು ವೈರ್. ಇಂಥವು ಇಲ್ಲಿ ಆನ್‌ಲೈನಿನಲ್ಲಿ ಇನ್ನೂರು ಮುನ್ನೂರು ರೂಪಾಯಿಗೇ ಸಿಗುತ್ತವೆ.

ಬಿಯರಿಗೆ ಇದು ಎಂತಕ್ಕೆ ಎಂದು ಕೇಳಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸುವಾಗ 65ರಿಂದ 68 ಡಿಗ್ರಿ ಒಳಗೆ ಇರಬೇಕಂತೆ. ಎರಡು ಡಿಗ್ರಿ ಕೆಳಗಾದರೆ ಬಿಯರ್ ತೆಳ್ಳಗೆ, ಮೇಲಾದರೆ ದಪ್ಪ ಮತ್ತು ಸಿಹಿ. ಆಮೇಲೆ ಯೀಸ್ಟ್ ಹಾಕುವಾಗ 20ರ ಆಸುಪಾಸಿಗೆ ಇಳಿದಿರಬೇಕು. "ಅಗ್ಗದ ಥರ್ಮಾಮೀಟರ್ ತೊಂದರೆ ಇಲ್ಲ ಭಾವ," ಎಂದ. "ಅದು ಎಷ್ಟು ಸುಳ್ಳು ಹೇಳುತ್ತದೆ ಅಂತ ಗೊತ್ತಿದ್ದರೆ ಸಾಕು." ಎರಡನ್ನೂ ನನಗೇ ಬಿಟ್ಟು ಹೋದ.

ಕಾರವಾರದ ಮನೆಯಲ್ಲಿ ಸುಮ್ನೆ ಒಂದು ಭಾನುವಾರ ಸುಳ್ಳು ಅಳೆಯಲು ಕುಳಿತೆ. ಐಸನ್ನು ಸಣ್ಣಗೆ ಪುಡಿ ಮಾಡಿ ಲೋಟ ತುಂಬಿಸಿದೆ. ಸಂದಿ ತುಂಬುವಷ್ಟೇ ನೀರು ಹಾಕಿ, ಕದಡುತ್ತಾ ಎರಡು ನಿಮಿಷ ಕಾದೆ. ನೀರು ಜಾಸ್ತಿ, ಐಸು ಕಡಿಮೆ ಆದರೆ ಈ ಪರೀಕ್ಷೆ ಕೆಟ್ಟಂತೆಯೇ. ಪೆನ್ನಿನದು 0.9 ತೋರಿಸಿತು, ವೈರಿನದು 0.1. ಕುದಿಯುವ ನೀರಲ್ಲಿ ಪೆನ್ನಿನದು 101.1, ವೈರಿನದು 100. ಅಂದರೆ ಪೆನ್ನು ಎಲ್ಲ ಕಡೆ ಸುಮಾರು ಒಂದು ಡಿಗ್ರಿ ಜಾಸ್ತಿ ಹೇಳುವ ಜಾತಿ. ವೈರಿನದು ಸತ್ಯವಂತ. ಅಂಕಿ ಮಾತ್ರ ಎರಡೂ ಬಿಂದು ಹಾಕಿಯೇ ತೋರಿಸುತ್ತವೆ. ಆ ಬಿಂದುವಿನ ನಂತರದ ಅಂಕಿಯೇ ಇವುಗಳ ದೊಡ್ಡ ಮೋಸ. ಒಂದು ಡಿಗ್ರಿ ತಪ್ಪು ಇರುವವನು ಹತ್ತರಲ್ಲೊಂದು ಡಿಗ್ರಿಯ ಮಾತು ಆಡಿದರೆ ನಾವು ನಂಬಿಬಿಡುತ್ತೇವೆ.

ಬೆಲ್ಲ ಮಾಡುವವರಿಗಾಗಿ ಬರೆದ ಮಾಹಿತಿಯಲ್ಲಿ ಜೋನಿಗೆ 105-106 ಡಿಗ್ರಿ, ಅಚ್ಚು ಬೆಲ್ಲಕ್ಕೆ 118ರ ಹತ್ತಿರ ಎಂದಿತ್ತು. ಅದನ್ನು ಚೀಟಿಯಲ್ಲಿ ಬರೆದುಕೊಂಡು, ದೇವಿಮನೆ ಘಟ್ಟ ಹತ್ತಿ ಊರಿಗೆ ಹೋದೆ. ಹೋಗುವಾಗ ನನಗೆ ಒಳ್ಳೆ ಹುಮ್ಮಸ್ಸು. ದೊಡ್ಡಪ್ಪನಿಗೆ ಪಾಠ ಹೇಳಲು ಹೊರಟವನ ಹುಮ್ಮಸ್ಸು.

ದೊಡ್ಡಪ್ಪ ಕಡ್ಡಿಯನ್ನು ತಿರುಗಿಸಿ ನೋಡಿ ಕೇಳಿದ್ದು ಇಷ್ಟೇ: "ಎಂತದಾ ತಮಾ ಇದು? ಬೆಲ್ಲಕ್ಕೆ ಜ್ವರ ಬಂಜಾ?"

ಅದು ಬಿಯರಿಗೆ ಮುಳುಗಿಸಿದ ಕಡ್ಡಿ ಎಂದು ನನ್ನ ಬಾಯಿಂದ ಜಾರಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮೊದಲ ಕೊಪ್ಪರಿಗೆಯ ಬೆಲ್ಲ ದೇವರಿಗೆ ಹೋಗುತ್ತದೆ, ಅದಕ್ಕೆ ಹೆಂಡದ ಕಡ್ಡಿ ಅದ್ದುವುದುಂಟಾ? ದಾರಿ ತೋರಿಸಿದ್ದು ದೊಡ್ಡಮ್ಮ. ಕುದಿಯುವ ನೀರಲ್ಲಿ ಹಾಕಿ ತೆಗೆದರೆ ಶುದ್ಧ ಆಗುತ್ತದೆ ಎಂದು ತೀರ್ಪು ಕೊಟ್ಟರು. ಬಚ್ಚಲ ಒಲೆಯ ಮೇಲೆ ಪಾತ್ರೆ ಇಟ್ಟು, ನೀರು ಕೊತಕೊತ ಕುದಿಯುವಾಗ ಎರಡೂ ಕಡ್ಡಿ ಇಳಿಬಿಟ್ಟೆವು.

ವೈರಿನದು 97.9ಕ್ಕೆ ನಿಂತಿತು. ಪೆನ್ನಿನದು 99ಕ್ಕೆ.

ಬಸ್ಸಿನಲ್ಲಿ ಕುಲುಕಿ ಕೆಟ್ಟಿತು ಎಂದುಕೊಂಡೆ. ಫ್ರಿಜ್ಜಿನ ಐಸು ತೆಗೆದು ಮತ್ತೆ ನೋಡಿದೆ. 0.1, 0.9. ಕಾರವಾರದ ಅಂಕಿಯೇ. ಕಡ್ಡಿ ಸರಿ ಇದೆ, ಆದರೆ ನೀರು ನೂರಕ್ಕೆ ಕುದಿಯುತ್ತಿಲ್ಲ! ಮೇಷ್ಟ್ರು ಶಾಲೆಯಲ್ಲಿ ಹೇಳಿದ್ದು ಆಗ ನೆನಪಾಯಿತು. ಎತ್ತರ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಲೆಕ್ಕ. ಕಾರವಾರ ಸಮುದ್ರದ ದಂಡೆ. ಶಿರಸಿ ಸುಮಾರು 600 ಮೀಟರ್ ಮೇಲೆ. ಎರಡು ಡಿಗ್ರಿಯ ಲೆಕ್ಕ ಸರಿಯಾಗಿ ಕೂತಿತು. ಹಿಮಾಲಯದಲ್ಲಿ ಬೇಳೆ ಬೇಯುವುದಿಲ್ಲ ಎಂದು ಕೇಳಿದ್ದೆ. ನಮ್ಮ ಘಟ್ಟವೂ ಆ ಲೆಕ್ಕಕ್ಕೆ ಬರುತ್ತದೆ ಎಂದು ತಲೆಗೆ ಹೋಗಿರಲಿಲ್ಲ.

ಇಷ್ಟು ಕಂಡಮೇಲೂ ಜೇಬಿನ ಚೀಟಿ ತಿದ್ದಬೇಕು ಎಂದು ಹೊಳೆಯಲಿಲ್ಲ ನೋಡಿ. ದಡ್ಡತನ ಅಂದರೆ ಇದೇ.

ಆಲೆಮನೆ ಶುರುವಾಯಿತು. ದೊಡ್ಡಪ್ಪನ ಷರತ್ತು ಒಂದೇ: ಮೊದಲ ಎರಡು ದಿನ ನಾನು ನೋಡಿ ಬರೆದುಕೊಳ್ಳಬಹುದು, ಬಾಯಿ ಬಿಡುವಂತಿಲ್ಲ. ಒಪ್ಪಿದೆ. ವೈರಿನ ಕಡ್ಡಿಯನ್ನು ಬಿದಿರು ಕೋಲಿಗೆ ಕಟ್ಟಿ, ತುದಿ ತಳದಿಂದ ನಾಲ್ಕು ಬೆರಳು ಮೇಲೆ ಇರುವ ಹಾಗೆ ಬಿಟ್ಟೆ. ತಳಕ್ಕೆ ತಾಗಿದರೆ ಬೆಂಕಿಯ ಬಿಸಿ ತೋರಿಸುತ್ತದೆ. ಮೇಲಿದ್ದರೆ ನೊರೆಯ ಬಿಸಿ. ನೋಡುವ ಮೊದಲು ಒಂದು ಸಲ ತಿರುವಲೇಬೇಕು.

ಅಂಕಿ ನೋಡುತ್ತಾ ಕುಳಿತವನಿಗೆ ಬೆಲ್ಲದ ಒಂದು ಸ್ವಭಾವ ಗೊತ್ತಾಯಿತು. ಕಬ್ಬಿನ ಹಾಲು 98 ದಾಟಿ ಕುದಿಯಲು ಶುರುವಾದ ಮೇಲೆ ಗಂಟೆಗಟ್ಟಲೆ ಅಲ್ಲೇ ಇರುತ್ತದೆ. ಮಡ್ಡಿ ತೆಗೆಯುತ್ತಾರೆ, ಒಲೆಗೆ ಕಬ್ಬಿನ ಸಿಪ್ಪೆ ತುರುಕುತ್ತಾರೆ. ಮಂಡಕ್ಕಿ ಮಿರ್ಚಿ ಬರುತ್ತದೆ, ನೆಂಟರು ಹಾಲು ಕುಡಿದು ಹೋಗುತ್ತಾರೆ. ಅಂಕಿ 98.5, 98.8, 99. ನೀರು ಆರಬೇಕಲ್ಲ, ಅದಕ್ಕೆ ಹೊತ್ತು ಬೇಕು. 101 ದಾಟಿದ ಮೇಲೆ ಮಾತ್ರ ಅದಕ್ಕೆ ಎಲ್ಲಿಲ್ಲದ ಅವಸರ. ಉಳಿದಿರುವ ನೀರೇ ಕಡಿಮೆ. ಸ್ವಲ್ಪ ಆರಿದರೂ ಪಾಕ ಒಂದೇಟಿಗೆ ಗಟ್ಟಿಯಾಗುತ್ತದೆ, ಬಿಸಿ ಏರುತ್ತದೆ. 102ರಿಂದ 104ಕ್ಕೆ ಹೋಗುವುದು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ. ಹದ ತಪ್ಪುವುದು ಅಲ್ಲಿಯೇ.

ಮೊದಲ ದಿನ ಮಧ್ಯಾಹ್ನದ ಕೊಪ್ಪರಿಗೆ. ಅಂಕಿ 103.8 ಆದಾಗ ದೊಡ್ಡಪ್ಪ "ಆಜು" ಎಂದರು. ನನ್ನ ಚೀಟಿಯಲ್ಲಿ 105. ಇನ್ನೂ ಒಂದು ಡಿಗ್ರಿ ಬಾಕಿ ಇದೆ ಎಂದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಸಂಜೆಯದು 104. ರಾತ್ರಿಯದು 101.8. ಎರಡನೇ ದಿನ ಮಧ್ಯಾಹ್ನ 103.7, ರಾತ್ರಿ 101.6 ಮತ್ತು 102.

ರಾತ್ರಿ ಮಲಗಿದವನಿಗೆ ನಿದ್ದೆ ಇಲ್ಲ. ಹಗಲಿನ ಬೆಲ್ಲವೂ ನನ್ನ ಚೀಟಿಯ ಪ್ರಕಾರ ಕಡಿಮೆಯೇ. ಹಾಗಾದರೆ ಅವರು ಎಲ್ಲವನ್ನೂ ಬೇಗ ಇಳಿಸುತ್ತಿದ್ದಾರಾ? ಆದರೆ ಹಗಲಿನದು ಬೆರಳಿಗೆ ಹಿಡಿದರೆ ಎಳೆ ಚೆನ್ನಾಗಿ ಬರುತ್ತಿತ್ತು. ಭಾವನಿಗೆ ಮೆಸೇಜ್ ಹಾಕಿದೆ. ಅವನ ಉತ್ತರ ಬಂದದ್ದು ಬೆಳಗಿನ ಜಾವ. ಅಲ್ಲಿ ಮೇಪಲ್ ಮರದ ರಸ ಕಾಯಿಸಿ ಸಿರಪ್ ಮಾಡುವವರು ಇಷ್ಟು ಡಿಗ್ರಿ ಎಂದು ನೋಡುವುದೇ ಇಲ್ಲವಂತೆ. ಅದೇ ದಿನ, ಅದೇ ಜಾಗದಲ್ಲಿ ನೀರು ಎಷ್ಟಕ್ಕೆ ಕುದಿಯುತ್ತದೆ ಎಂದು ಮೊದಲು ನೋಡಿ, ಅದಕ್ಕಿಂತ ಸುಮಾರು 4 ಡಿಗ್ರಿ ಮೇಲೆ ಹೋದಾಗ ಇಳಿಸುತ್ತಾರೆ. ಸಕ್ಕರೆ ಎಷ್ಟು ಗಟ್ಟಿಯಾಗಿದೆ ಎಂದು ಹೇಳುವುದು ಆ ವ್ಯತ್ಯಾಸ.

ಅಷ್ಟು ಓದಿದ ಕೂಡಲೆ ಚೀಟಿ ಹರಿದೆ. 105-106 ಎಂಬುದು ನೀರು ನೂರಕ್ಕೆ ಕುದಿಯುವ ಜಾಗದ ಅಂಕಿ. ಅಂದರೆ ನೀರಿಗಿಂತ 5ರಿಂದ 6 ಡಿಗ್ರಿ ಮೇಲೆ. ನಮ್ಮಲ್ಲಿ ಅದು 103ರಿಂದ 104. ದೊಡ್ಡಪ್ಪನ ಹಗಲಿನ "ಆಜು" ಸರಿಯಾಗಿ ಅಲ್ಲೇ ಬಿದ್ದಿತ್ತು, ಮೂರಕ್ಕೆ ಮೂರೂ. ಕೈಯಲ್ಲಿ ಯಾವ ಯಂತ್ರವೂ ಇಲ್ಲದೆ! ನಾನು ಬಾಯಿ ಬಿಟ್ಟು 105ಕ್ಕೆ ಇಳಿಸಿದ್ದರೆ ಪಾಕ ಮೀರುತ್ತಿತ್ತು.

ರಾತ್ರಿಯ ಮೂರು ಮಾತ್ರ ನೀರಿಗಿಂತ 4 ಡಿಗ್ರಿ ಮೇಲೆ. ಹೆಚ್ಚು ಕಡಿಮೆ ಮೇಪಲ್ ಸಿರಪ್ಪಿನ ಹದ. ಅದನ್ನು ಅವರು ಬಿಸಿಬಿಸಿ ಬಾಟಲಿಗೆ ತುಂಬಿ ಗಾಳಿ ಆಡದಂತೆ ಮುಚ್ಚುತ್ತಾರೆ. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲಿ ಇಡುತ್ತಾರೆ. ನಾವು ಎಣ್ಣೆ ಡಬ್ಬಿಗೆ ಸುರಿದು ಮಲೆನಾಡಿನ ಮಳೆಗಾಲಕ್ಕೆ ಅಟ್ಟದ ಮೇಲೆ ಇಡುತ್ತೇವೆ. ನೀರಿನ ಅಂಶ ಅಷ್ಟು ಉಳಿದರೆ ಯೀಸ್ಟಿಗೆ ಹಬ್ಬ. ಸಕ್ಕರೆ ತಿಂದು ಅದು ಬಿಡುವುದು ಮುಖ್ಯವಾಗಿ ಎರಡು: ಆಲ್ಕೋಹಾಲ್ ಮತ್ತು ಗ್ಯಾಸ್. ಮುಚ್ಚಳ ಹಾರಿಸಿದ್ದು ಆ ಗ್ಯಾಸು. ಹೆಂಡದ ಕಡ್ಡಿ ಬೇಡ ಎಂದ ಮನೆಯ ಅಟ್ಟದ ಮೇಲೆಯೇ ಬಿಯರಿನ ಅಣ್ಣ ತಮ್ಮಂದಿರು ಹುಟ್ಟಿಕೊಂಡಿದ್ದರು. ಇದನ್ನು ದೊಡ್ಡಮ್ಮನಿಗೆ ಹೇಳಿದೆ. ಅವರು ಸೆರಗು ಬಾಯಿಗೆ ಹಿಡಿದು ನಕ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ರಾತ್ರಿಯೇ ಯಾಕೆ? ಇದರ ಹಿಂದೆ ನಾನು ತಲೆ ಕೆಡಿಸಿಕೊಂಡೆ. ಒಲೆ ಅದೇ, ಕಬ್ಬು ಅದೇ, ಕೈ ಅದೇ. ಉತ್ತರ ಸಿಕ್ಕಿದ್ದು ಚಹಾ ಕುಡಿಯುವಾಗ. ದೊಡ್ಡಪ್ಪ ಲೋಟ ನೋಡಿ "ಇಷ್ಟು ಕಡು ಚಹಾ ಎಂತಕ್ಕೆ ಮಾಡಿದ್ದು?" ಎಂದು ಅತ್ತಿಗೆಗೆ ಗದರಿದರು. ನಮಗೆಲ್ಲ ಅದು ಹಾಲು ಜಾಸ್ತಿಯಾದ ಬಿಳಿ ಚಹಾ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು, ತೋಟದ ಕೆಲಸ ಮುಗಿಯಲಿ ಎಂದು ಮುಂದೆ ಹಾಕುತ್ತಿದ್ದರು. ಪೊರೆ ಬಂದ ಕಣ್ಣಿನ ಮಸೂರ ಹಳದಿಗೆ, ಕಂದಿಗೆ ತಿರುಗುತ್ತದೆ. ಹಳದಿ ಗಾಜಿನ ಕನ್ನಡಕ ಹಾಕಿದಂತೆ ಎಲ್ಲವೂ ಕಾಣುತ್ತದೆ. ಬೆಲ್ಲದ ಪಾಕ ಇನ್ನೂ ಎಳೆಯದಿರುವಾಗಲೇ ಅವರಿಗೆ ಕೆಂಪಾಗಿ ಕಂಡಿರಬೇಕು. ಹಗಲು ಬೆಳಕು ಚೆನ್ನಾಗಿರುತ್ತದೆ, ಗುಳ್ಳೆ ಕಾಣುತ್ತದೆ, ಬಣ್ಣದ ತಪ್ಪನ್ನು ಗುಳ್ಳೆ ತಿದ್ದುತ್ತದೆ. ರಾತ್ರಿ ಒಂದೇ ಬಲ್ಬು, ಮೇಲೆ ಹಬೆ. ಗುಳ್ಳೆ ಕಾಣುವುದಿಲ್ಲ, ಬರೀ ಬಣ್ಣವನ್ನೇ ನಂಬಬೇಕು. ಇದು ನನ್ನ ಊಹೆ. ಆದರೆ ನಾನು ಬರೆದ ಅಂಕಿಗಳೆಲ್ಲ ಇದಕ್ಕೇ ಹೊಂದುತ್ತವೆ.

ಅವರಿಗೆ ಹೇಗೆ ಹೇಳುವುದು? ನಲವತ್ತು ವರ್ಷದ ಕಣ್ಣು ಕೆಟ್ಟಿದೆ ಎಂದು ಮುಖಕ್ಕೆ ಹೇಳಲು ನನಗೆ ಧೈರ್ಯ ಬರಲಿಲ್ಲ. ವಹಿಯನ್ನು ಸುಮ್ನೆ ಮುಂದಿಟ್ಟೆ. ಕನ್ನಡಕ ಏರಿಸಿ, ಇಳಿಸಿ, ದೂರ ಹಿಡಿದು ಓದಿದರು. "ರಾತ್ರೆದು ಮೂರೂ ಕಡಿಮೆ," ಎಂದರು. ಮತ್ತೆ ಏನೂ ಹೇಳಲಿಲ್ಲ. ಮೂರನೇ ದಿನ ರಾತ್ರಿ ಕೊಪ್ಪರಿಗೆ ಎದುರು ಕೂತು, ನನ್ನ ಕಡೆ ನೋಡದೆ, "ಎಷ್ಟು ಬಂಜಾ?" ಎಂದು ಕೇಳಿದರು.

ಆಮೇಲೆ ನಾವು ಮಾಡಿದ ಕ್ರಮ ಸರಳ. ದಿನಾ ಬೆಳಗ್ಗೆ ಚಿಕ್ಕ ಪಾತ್ರೆಯಲ್ಲಿ ನೀರು ಕುದಿಸಿ ಅಂಕಿ ಬರೆದುಕೊಳ್ಳುವುದು. ಅದಕ್ಕೆ 6 ಕೂಡಿಸುವುದು. ಕೊಪ್ಪರಿಗೆ ಇಳಿಸಲು ಒಂದೆರಡು ನಿಮಿಷ ಹಿಡಿಯುತ್ತದೆ, ಇಳಿಸಿದ ಮೇಲೂ ದಪ್ಪ ತಳದ ಬಿಸಿಗೆ ಪಾಕ ಬೇಯುತ್ತದೆ. ಹಾಗಾಗಿ ಅರ್ಧ ಡಿಗ್ರಿ ಮೊದಲೇ ಕೂಗುವುದು. ಥರ್ಮಾಮೀಟರ್ ಒಂದು ಡಿಗ್ರಿ ಸುಳ್ಳು ಹೇಳಿದರೂ ಇಲ್ಲಿ ಚಿಂತೆಯಿಲ್ಲ. ನೀರಿಗೂ ಅಷ್ಟೇ ಸುಳ್ಳು, ಬೆಲ್ಲಕ್ಕೂ ಅಷ್ಟೇ ಸುಳ್ಳು, ಕಳೆದರೆ ಹೋಯಿತು.

ಆದರೆ ಸುಳ್ಳು ದಿನದಿನಕ್ಕೆ ಬದಲಾದರೆ ಕಷ್ಟ. ನಾಲ್ಕನೇ ದಿನ ಪೆನ್ನಿನ ಕಡ್ಡಿ ಹಾಗೇ ಮಾಡಿತು. ತಮ್ಮ ಅದನ್ನು ಹಬೆಯ ಮೇಲೆ ಕೈಯಲ್ಲೇ ಹಿಡಿದು ನಿಂತಿದ್ದ. ಕಿಟಕಿಯ ಒಳಗೆ ಮಂಜು ಕಟ್ಟಿ, ಅಂಕಿ 112, 131 ಎಂದು ಜಿಗಿದು, ಕೊನೆಗೆ ಅರ್ಥವಿಲ್ಲದ ಅಕ್ಷರ ತೋರಿಸಿತು. ಕಡ್ಡಿಯ ತುದಿಯೊಳಗೆ ಥರ್ಮಿಸ್ಟರ್ ಎಂಬ ಸಾಸಿವೆಯಷ್ಟು ಚಿಕ್ಕ ಮಣಿ ಇರುತ್ತದೆ. ಬಿಸಿ ಏರಿದಂತೆ ಅದು ಕರೆಂಟಿಗೆ ಒಡ್ಡುವ ತಡೆ ಇಳಿಯುತ್ತದೆ. ತೇವ ಸೇರಿದರೆ ಕರೆಂಟಿಗೆ ಕಳ್ಳದಾರಿ ಸಿಕ್ಕಿ, ತಡೆ ಇಳಿದಂತೆ ಕಾಣುತ್ತದೆ. ಯಂತ್ರ ಅದನ್ನು ಬಿಸಿ ಎಂದು ಓದುತ್ತದೆ. ಇದು ಅಪಾಯದ ತಪ್ಪು. ಜಾಸ್ತಿ ತೋರಿಸಿದರೆ ನಾವು ಬೇಗ ಇಳಿಸುತ್ತೇವೆ, ಮತ್ತೆ ಹುಳಿ. ಒಲೆಯ ಪಕ್ಕದ ಕಟ್ಟೆಯ ಮೇಲೆ ರಾತ್ರಿಯಿಡೀ ಒಣಗಿಸಿದೆವು. ಜೀವ ಬಂತು, ಆದರೆ ಐಸಿನಲ್ಲಿ 3.2 ತೋರಿಸುತ್ತಿತ್ತು. ಅದನ್ನು ಮಕ್ಕಳಿಗೆ ಕೊಟ್ಟೆ. ವೈರಿನದಕ್ಕೆ ಕಡ್ಡಿ ಮತ್ತು ವೈರ್ ಸೇರುವ ಜಾಗವೇ ಮರ್ಮ. ಬಿಸಿ ಮಾಡಿದರೆ ಬಿಗಿಯುವ ಪ್ಲಾಸ್ಟಿಕ್ ಕೊಳವೆಯನ್ನು ಎಲೆಕ್ಟ್ರಿಕ್ ಅಂಗಡಿಯಿಂದ ತಂದು ಅಲ್ಲಿ ಹಾಕಿಸಿದೆ. ಆ ಜಾಗ ಮಾತ್ರ ಪಾಕಕ್ಕೆ ಮುಳುಗಬಾರದು ಎಂದು ಎಲ್ಲರಿಗೂ ಕಟ್ಟಪ್ಪಣೆ. (ಗಾಜಿನ, ಪಾದರಸದ ಥರ್ಮಾಮೀಟರ್ ತರುತ್ತೇನೆ ಎಂದು ಪಕ್ಕದ ಮನೆಯವರು ಹೊರಟಿದ್ದರು. ಕೈಮುಗಿದು ಬೇಡ ಎಂದೆ. ಒಡೆದರೆ ಇಡೀ ಕೊಪ್ಪರಿಗೆ ಹೊಳೆಗೂ ಸುರಿಯುವಂತಿಲ್ಲ.)

ಮೊದಲೆರಡು ರಾತ್ರಿಯ ಬೆಲ್ಲವನ್ನು ಮತ್ತೆ ಕಾಯಿಸಬಹುದಿತ್ತು. ದೊಡ್ಡಪ್ಪ ಬೇಡ ಎಂದರು. ಆರು ಡಬ್ಬಿಗೆ ಸುಣ್ಣದ ಗೆರೆ ಎಳೆದು ಅಟ್ಟದ ಒಂದು ಮೂಲೆಯಲ್ಲಿ ಇಡಿಸಿದರು. ಪರೀಕ್ಷೆ ಅವರಿಗೂ ಬೇಕಿತ್ತು ಅನಿಸುತ್ತದೆ. ಶ್ರಾವಣದ ಹೊತ್ತಿಗೆ ಆರರಲ್ಲಿ ನಾಲ್ಕು ಉಬ್ಬಿದ್ದವು. ಗೆರೆ ಇಲ್ಲದ ಡಬ್ಬಿಗಳಲ್ಲಿ ಒಂದೂ ಇಲ್ಲ. ಹುಳಿ ಬಂದದ್ದು ಜೀವಾಮೃತಕ್ಕೆ ಹೋಗಿ, ಅಲ್ಲಿಂದ ಅಡಿಕೆ ಬುಡಕ್ಕೆ ಸೇರಿತು. ಒಂದೇ ವರ್ಷದ ಲೆಕ್ಕ ಇದು. ಆ ವರ್ಷ ಡಬ್ಬಿಗಳನ್ನೂ ಎಂದಿಗಿಂತ ಚೆನ್ನಾಗಿ ತೊಳೆದಿದ್ದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಗೆರೆ ಎಳೆದ ಡಬ್ಬಿಗಳನ್ನು ತೊಳೆದದ್ದೂ ಅದೇ ಕೈ.

ದೀಪಾವಳಿ ಕಳೆದ ಮೇಲೆ ದೊಡ್ಡಪ್ಪ ಬಲಗಣ್ಣಿನ ಪೊರೆ ತೆಗೆಸಿದರು. ಎಡದ್ದು ಬೇಸಿಗೆಗೆ ಎಂದರು. ಕಣ್ಣು ಬಿಚ್ಚಿದ ದಿನ ಅಂಗಳದ ಬಟ್ಟೆ ಹಗ್ಗ ನೋಡಿ, ಪಂಚೆ ಇಷ್ಟು ಬೆಳ್ಳಗೆ ಯಾವಾಗ ಆಯಿತು ಎಂದು ಕೇಳಿದರಂತೆ.

ಈ ವರ್ಷದ ಆಲೆಮನೆಗೆ ನಾನು ಒಂದು ದಿನ ತಡವಾಗಿ ಹೋದೆ. ಕಡ್ಡಿ ನನ್ನ ಬ್ಯಾಗಿನಲ್ಲೇ ಇತ್ತು. ಕಣ್ಣು ಸರಿಯಾಗಿದೆಯಲ್ಲ ಎಂದು ಅವರು ಕಾಯದೆ ಮೊದಲ ಕೊಪ್ಪರಿಗೆ ಏರಿಸಿದ್ದರು. ಹೊಸ ಕಣ್ಣಿಗೆ ಪಾಕ ಎಷ್ಟು ಹೊತ್ತಾದರೂ ಬಿಳಿಚಿಕೊಂಡೇ ಕಂಡಿದೆ. ಹಳೆಯ ಕೆಂಪು ಬರಲಿ ಎಂದು ಕಾದಿದ್ದಾರೆ. ಕೆಂಪು ಬರುವಷ್ಟರಲ್ಲಿ ಪಾಕ ಜೋನಿಯನ್ನು ದಾಟಿ ಎಲ್ಲೋ ಹೋಗಿತ್ತು.

ನಾನು ಹೋದಾಗ ಎರಡನೇ ಕೊಪ್ಪರಿಗೆ ಕುದಿಯುತ್ತಿತ್ತು. ದೊಡ್ಡಪ್ಪ ಎದುರು ನಿಂತು ಒಮ್ಮೆ ಎಡಗಣ್ಣು ಮುಚ್ಚುತ್ತಿದ್ದರು, ಒಮ್ಮೆ ಬಲಗಣ್ಣು. "ಈ ಕಣ್ಣಿಗೆ ಆಜು," ಎಂದರು. "ಆ ಕಣ್ಣಿಗೆ ಆಜಿಲ್ಲೆ. ನೀರು ಕುದಿಸು ತಮಾ."

ಕುದಿಸಿದೆ. 98. ಕೊಪ್ಪರಿಗೆಯಲ್ಲಿ 102.3. ಎರಡು ಕಣ್ಣಿನ ನಡುವೆ ಎಲ್ಲೋ ಇತ್ತು ಹದ.

ಮೊದಲ ಕೊಪ್ಪರಿಗೆಯ ಎರಡು ಡಬ್ಬಿ ನನ್ನ ಪಾಲಿಗೆ ಬಂದು ಕಾರವಾರದಲ್ಲಿವೆ. ಸೌಟು ಇಳಿಯುವುದಿಲ್ಲ. ಚಾಕುವಿನಲ್ಲಿ ಕೆರೆದು ಚಹಕ್ಕೆ ಹಾಕುತ್ತೇವೆ.